ಸಿರವಾರ ತಿರುವಿನ ಬ್ಯಾನರ್

ಗದ್ದೆಮ್ಮನ ತಳ್ಳುಗಾಡಿ ಚರಂಡಿಯಲ್ಲಿ ಮಗುಚಿ ಬಿದ್ದಿತ್ತು. ಮೆಂತ್ಯ, ಪುಂಡಿಪಲ್ಯ ರಸ್ತೆ ತುಂಬ ಚೆಲ್ಲಿದ್ದವು. ಆಸ್ಪತ್ರೆ ಮುಟ್ಟುವ ಮೊದಲೇ ಗದ್ದೆಮ್ಮ ಪ್ರಾಣ ಬಿಟ್ಟಿದ್ದಳು. ಅವಳಿಗೆ ಗುದ್ದಿದ ಟಿಪ್ಪರಿನ ಚಾಲಕ ಮಾರೆಪ್ಪ ತಲೆ ಮೇಲೆ ಕೈ ಹೊತ್ತು ಕುಳಿತಿದ್ದ.

"ಬ್ಯಾನರ್ ಅಡ್ಡ ಇತ್ರೀ ಸಾಹೇಬ್ರ. ಮುದುಕಿ ಅದರ ಹಿಂದಿಂದ ಬಂದ್ಲು. ದೇವರಾಣಿ ನನಗೇನೂ ಕಾಣಲಿಲ್ಲ."

ಮಾನ್ವಿ ಠಾಣೆಯ ಎಎಸ್‌ಐ ಅಮರೇಶ ತಿರುವಿನತ್ತ ನೋಡಿದ. ಬ್ಯಾನರ್ ಇರಲಿಲ್ಲ.

"ಎಲ್ಲದ?"

"ಈಗರ ಇತ್ರೀ. ನಾವು ಮುದುಕಿನ್ನ ಆಟೋಕ್ಕ ಹಾಕೂದ್ರಾಗ ಯಾರೋ ಬಿಚ್ಚಿಕೊಂಡು ಹೋಗ್ಯಾರ."

ಸಿರವಾರಕ್ಕೆ ಹೋಗುವ ರಸ್ತೆಯ ಆ ತಿರುವೇ ಊರಿಗೆ ಹಿಡಿದ ಶನಿ. ಫುಟ್‌ಪಾತಿನ ನಟ್ಟ ನಡುವೆ ಟ್ರಾನ್ಸ್‌ಫಾರ್ಮರ್. ಪಕ್ಕದಲ್ಲಿ ಬಾಯಿ ತೆರೆದ ಚರಂಡಿ. ನಡೆಯುವವರು ರಸ್ತೆಗೇ ಇಳಿಯಬೇಕು. ಅದು ಸಾಲದೆಂಬಂತೆ ಹುಟ್ಟುಹಬ್ಬ, ಶ್ರದ್ಧಾಂಜಲಿ, ಹಾರ್ದಿಕ ಸ್ವಾಗತ ಎಂದು ವರ್ಷವಿಡೀ ಬ್ಯಾನರು. ಅಮರೇಶ ದಿನಕ್ಕೆ ನಾಲ್ಕು ಸಲ ಅಲ್ಲೇ ಓಡಾಡುತ್ತಿದ್ದ. ಇವತ್ತು ಮುಂಜಾನೆ ಅಲ್ಲಿ ಬ್ಯಾನರ್ ಇತ್ತೋ ಇಲ್ಲವೋ? ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲೊಲ್ಲದು. ನೋಡಿ ನೋಡಿ ಅವು ಕಣ್ಣಿಗೆ ಬೀಳುವುದೇ ನಿಂತಿತ್ತು. ತಾನೆಂಥ ಪೊಲೀಸ! ತನ್ನ ಬಗ್ಗೆ ತನಗೇ ನಾಚಿಕೆಯಾಯಿತು.

ಟ್ರಾನ್ಸ್‌ಫಾರ್ಮರ್ ಕಂಬಕ್ಕೆ ತಂತಿಯ ತುಂಡು ಸಿಕ್ಕಿಕೊಂಡಿತ್ತು. ಅದರ ತುದಿಗೆ ಹಸಿ ರಕ್ತ. ಯಾರೋ ಇಕ್ಕಳವಿಲ್ಲದೆ, ಅವಸರದಲ್ಲಿ, ಬರಿಗೈಯಿಂದ ತಿರುಚಿ ಬಿಚ್ಚಿದ್ದರು.

ಆ ಬ್ಯಾನರ್ ಸಿಗದಿದ್ದರೆ ತಪ್ಪೆಲ್ಲ ಮಾರೆಪ್ಪನೊಬ್ಬನ ಕೊರಳಿಗೆ.

* * *

ಆಸ್ಪತ್ರೆಯಲ್ಲಿ ಗದ್ದೆಮ್ಮನ ಮಗ ಕೃಷ್ಣ ಗೋಡೆಗೆ ಒರಗಿ ನಿಂತಿದ್ದ. ಬಲಗೈಗೆ ಕರವಸ್ತ್ರ ಸುತ್ತಿಕೊಂಡಿದ್ದ.

"ನೀ ಎಲ್ಲಿದ್ದೆಪಾ ಆವಾಗ?"

"ಸಿರವಾರದಾಗ ಇದ್ದೆ ಸರ್. ಫೋನ್ ಬಂದ ಮ್ಯಾಲ ಬಂದೆ."

ಹೆಣದ ಮುಂದೆ ಹೆಚ್ಚು ಕೇಳಲು ಅಮರೇಶನಿಗೆ ಮನಸ್ಸಾಗಲಿಲ್ಲ.

ತಿರುವಿನ ಅಂಗಡಿಯವರದು ಒಂದೇ ರಾಗ. "ನಾ ನೋಡಿಲ್ರಿ." ಎಲ್ಲರ ಬಾಯಿಗೂ ಬೀಗ. ಯಾರೋ ದೊಡ್ಡವರ ಅಂಜಿಕೆ ಇರಬೇಕು ಅಂದುಕೊಂಡ ಅಮರೇಶ. ಆ ವಾರ ಹುಟ್ಟುಹಬ್ಬ ಇದ್ದದ್ದು ಅಕ್ಕಿ ಗಿರಣಿಯ ವಿರೂಪಣ್ಣನದು. ಬೈಕು ನೇರ ಗಿರಣಿಗೆ ತಿರುಗಿತು.

ವಿರೂಪಣ್ಣ ಗಾಬರಿಯಾಗಲಿಲ್ಲ. ಮೊಬೈಲು ತೆಗೆದು ಮುಂದೆ ಹಿಡಿದ.

"ಹುಡುಗ್ರು ಕಟ್ಟ್ಯಾರ್ರಿ. ಮೊನ್ನೆ ಫೋಟೋ ಕಳಿಸಿದ್ರು, ನೋಡ್ರಿ. ಮುಚ್ಚಿಡೋ ಹಂಗಿದ್ರ ನಿಮಗ್ಯಾಕ ತೋರಿಸಲಿ?"

ಅದೂ ಖರೆಯೇ. ಫೋಟೋದಲ್ಲಿ ಅದೇ ತಿರುವು, ಅದೇ ಟ್ರಾನ್ಸ್‌ಫಾರ್ಮರ್. ಬ್ಯಾನರ್ ತುಂಬ ವಿರೂಪಣ್ಣನ ನಗುಮುಖ. ಕೆಳಗೆ ಶುಭ ಕೋರುವವರ ಐದು ಪುಟ್ಟ ಮುಖಗಳು. ಮುಂದೆ ನಿಂತು ಕಟ್ಟಿಸಿದವನ ಮುಖ ಸಾಲಿನಲ್ಲಿ ಮೊದಲು ಬರುವುದು ಊರ ಪದ್ಧತಿ.

ಮೊದಲ ಮುಖ ಕೃಷ್ಣನದು. ಕರವಸ್ತ್ರ ಸುತ್ತಿದ ಆ ಬಲಗೈ ಅಮರೇಶನಿಗೆ ನೆನಪಾಯಿತು.

* * *

ಗದ್ದೆಮ್ಮನನ್ನು ಆಟೋದಲ್ಲಿ ಕರೆದೊಯ್ದವಳು ಬಳೆ ಅಂಗಡಿಯ ಖತೀಜಾ ಬೀ.

"ದಾರ್‍ಯಾಗ ಗದ್ದೆಮ್ಮ ಏನಂದ್ಲು?"

"ಏನಿಲ್ಲ ಸಾಬ್."

"ಮಾರೆಪ್ಪನ್ನ ಒಳಗ ಹಾಕೇವಿ. ಅಂವಗೂ ಹೆಂಡ್ರು ಮಕ್ಳು ಅದಾರ, ಖತೀಜಾ ಬೀ."

ಅವಳು ಸೆರಗಿನಿಂದ ಕಣ್ಣೊತ್ತಿಕೊಂಡಳು.

"ಕೃಷ್ಣ ಅಲ್ಲೇ ನಿಂತಾನ, ಕರೀರಿ ಅಂತಿದ್ಲು. ದಾರಿ ಪೂರಾ ಅದೇ ಮಾತು. ಅವ್ವನ್ನ ಕಳಕೊಂಡಾನ ಸಾಬ್. ಇನ್ನ ಅವನ ಹೆಸರು ಹೆಂಗ ಹೇಳಾದು ಅಂತ ಎಲ್ಲರೂ ಸುಮ್ನಾದ್ವಿ."

ಬಾಯಿಗೆ ಬೀಗ ಹಾಕಿದ್ದು ಅಂಜಿಕೆಯಲ್ಲ, ಕರುಣೆ. ಅಮರೇಶ ಅವಳ ಹೇಳಿಕೆ ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡ.

* * *

ಮಣ್ಣು ಮಾಡಿ ಬಂದ ಜನ ಚದುರಿದ ಮೇಲೆ ಅಮರೇಶ ಕೃಷ್ಣನ ಮನೆಯೊಳಗೆ ಹೋದ.

"ಕೈ ತೋರಿಸಪಾ."

ಅಂಗೈಯಲ್ಲಿ ಉದ್ದಕ್ಕೆ ತಂತಿ ಗೀರಿದ ಗಾಯ.

"ತಂತಿಗೆ ರಕ್ತ ಹತ್ತಿತ್ತು. ಬ್ಯಾನರ್‌ನ್ಯಾಗ ಮೊದಲನೇ ಮಾರಿ ನಿಂದು. ಸಿರವಾರದಾಗ ಇದ್ದೆ ಅಂದಿ, ಆದ್ರ ನೀ ಅಲ್ಲೇ ಇದ್ದಿ. ನೋಡಿದವರು ಅದಾರ. ಎಲ್ಲಿಟ್ಟಿ ಅದನ್ನ?"

ಕೃಷ್ಣ ಮಂಚದ ಕೆಳಗಿನಿಂದ ಮಡಚಿದ ಬ್ಯಾನರ್ ಎಳೆದು ಹಾಕಿದ. ಹಾಗೇ ಅದರ ಪಕ್ಕ ಕುಸಿದು ಕುಳಿತ.

"ಅವ್ವ ಮೊನ್ನೇನ ಅಂದಿದ್ಲ್ರೀ. ಲೇ, ಗಾಡಿ ಬರಾದು ಕಾಣಂಗಿಲ್ಲ, ಇದನ್ನ ತೆಗಿ ಅಂತ. ವಿರೂಪಣ್ಣ ಸಾವ್ಕಾರ್ರು ಒಂದ್ಸಲ ನೋಡ್ಲಿ ತಡಿ ಬೇ, ಆಮ್ಯಾಲ ತೆಗಿತೀನಿ ಅಂದೆ."

"ಅಕಿ ಬಿದ್ದಾಗ?"

"ಚಾದಂಗಡ್ಯಾಗ ಇದ್ದೆ. ಓಡಿ ಬಂದೆ. ಮಾರೆಪ್ಪ ಬ್ಯಾನರ್ ಬ್ಯಾನರ್ ಅಂತ ಒದರಾಕತ್ತಿದ್ದ. ಅದರ ಮ್ಯಾಲ ನನ್ನ ಮಾರಿ ಇತ್ತು. ಅವರು ಅವ್ವನ್ನ ಎತ್ತಾಕತ್ತಿದ್ರು." ಅವನು ಅಂಗೈ ನೋಡಿಕೊಂಡ. "ನಾ ತಂತಿ ಬಿಚ್ಚಾಕತ್ತಿದ್ದೆ."

ಅಮರೇಶ ಬ್ಯಾನರನ್ನು ಕಂಕುಳಿಗೆ ಸಿಕ್ಕಿಸಿಕೊಂಡ. ಮಾರೆಪ್ಪನ ಮಾತಿಗೆ ಈಗ ಸಾಕ್ಷಿ ಸಿಕ್ಕಿತ್ತು.

"ಸರ್," ಕೃಷ್ಣ ತಲೆ ಎತ್ತಿದ. "ಅವ್ವ ನನ್ನ ನೋಡಿಲ್ಲಲ್ರೀ?"

ಇಲ್ಲ ಎನ್ನಬಹುದಿತ್ತು. ಹಾಗೆ ಅನ್ನಲು ನಾಲಿಗೆಯೂ ಹೊರಳಿತು. ಆದರೆ ಖತೀಜಾ ಬೀಯ ಹೇಳಿಕೆ ಜೇಬಿನಲ್ಲಿತ್ತು. ನಾಳೆ ಕೋರ್ಟಿನಲ್ಲಿ ಎಲ್ಲರೆದುರು ಅದನ್ನೇ ಓದುತ್ತಾರೆ.

"ನೋಡಿದ್ಲಪಾ," ಅಂದ ಅಮರೇಶ. "ಉಸಿರಿರೋತನಕ ನಿನ್ನನ್ನ ಕರೀರಿ ಅಂತಿದ್ಲು."