ಕೂರದ ಓಲೆಕಾರ, ಕೂರಿಸೋ ಹಡಗು

ಏಳು ಕಡಲೂ ಇನ್ನೂ ಸಿಹಿನೀರಾಗಿದ್ದ ಕಾಲ. ಶಂಖಾವತಿ ಅನ್ನೋ ರಾಜ್ಯದಲ್ಲಿ ದೊಡ್ಡೀರಯ್ಯ ಅಂತ ಒಬ್ಬ ಓಲೆಕಾರ ಇದ್ದ. ರಾಜನ ಓಲೆ ಹೊತ್ತು ನಲವತ್ತು ವರ್ಷ ಓಡಿದ್ದ. ಅವನ ರಭಸಕ್ಕೆ ನೆರಳು ಹಿಂದೆ ಬಿದ್ದು, ಸಾಯಂಕಾಲ ತಾನೊಂದೇ ಮನೆ ಸೇರ್ತಿತ್ತು.

ಆ ರಾಜ್ಯದಲ್ಲಿ ಒಂದು ಕಟ್ಟಳೆ. ಓಲೆಕಾರ ಅತ್ತಿಂದಿತ್ತ ನಡೀತಾ ಓಲೆ ಓದಬೇಕು. ಮುಗಿಯೋವರೆಗೆ ಕೇಳೋರು ಕದಲಬಾರದು. ಕದಲಿದವರು ಅಲ್ಲೇ ಕಪ್ಪೆ ಆಗ್ತಿದ್ರು. ಕಾಗೆ ಕೂಡ ರೆಕ್ಕೆ ಬಿಚ್ಚಿದ ಹಾಗೇ ಗಾಳಿಯಲ್ಲಿ ನಿಲ್ತಿತ್ತು.

ವಯಸ್ಸಾಯ್ತು, ಕೆಲಸ ಬಿಟ್ಟ. ಕಾಲು ಬಿಡಲಿಲ್ಲ. ಜಗಲಿಯಿಂದ ಹಿತ್ತಲಿಗೆ, ಹಿತ್ತಲಿಂದ ಜಗಲಿಗೆ ನಡೆದೂ ನಡೆದೂ ಮನೆಯೊಳಗೆ ಕಾಲುವೆ ಬಿತ್ತು.

"ರೀ, ಒಂದು ಗಳಿಗೆ ಕೂತ್ಕೊಳ್ಳಿ. ನಿಮ್ಮನ್ನ ನೋಡಿ ನಂಗೆ ತಲೆ ಸುತ್ತುತ್ತೆ" ಅಂದಳು ಹೆಂಡತಿ ಪುಟ್ತಾಯಮ್ಮ.

"ಹಾಗಾದ್ರೆ ಊರೂರು ನೋಡ್ಕೊಂಡು ಬರೋಣ, ನಡಿ."

"ಬರ್ತಾ ಸಂತೆ ಮಾಡ್ಕೊಂಡು ಬರೋಣ" ಅಂತ ಅವಳು ಬೇಕಾದ್ದನ್ನೆಲ್ಲ ತಾಳೆಗರಿ ಮೇಲೆ ಬರೆದು, ಚೀಲಕ್ಕೆ ಹಾಕಿ, ಚೀಲಾನ ಅವನ ಹೆಗಲಿಗೆ ನೇತುಹಾಕಿದಳು.

ಕಡಲ ದಂಡೆಯಲ್ಲಿ ಹಳೇ ಯುದ್ಧದ ಹಡಗೊಂದನ್ನ ಎಳೆದು ಜನ ನೋಡೋಕೆ ನಿಲ್ಲಿಸಿದ್ರು. ಅದು ನೂರು ಯುದ್ಧ ಗೆದ್ದಿತ್ತು. ಅದರಲ್ಲಿ ಎರಡನ್ನ ಯಾರೂ ಹತ್ತದೇನೇ ಗೆದ್ದಿತ್ತು. ಸುತ್ತಾಡಿಸಿ ತೋರಿಸೋನು ಕೊರಡುಗಣ್ಣ ಅಂತ, ಒಂದು ಕಣ್ಣು ಮರದ್ದು. ಒಳಗೆಲ್ಲ ಮರದ ಬೊಂಬೆಗಳು. ಒಬ್ಬ ಬೆನ್ನು ಕೆರೆಯೋ ಹಾಗೆ ಕೂತಿದ್ದ. ಒಬ್ಬಳ ಬಾಯಲ್ಲಿ ಅರ್ಧ ಚಕ್ಕುಲಿ.

ಮೊದಲ ಅಂತಸ್ತಲ್ಲಿ ಹುಲಿಮುಖದ ಪಿರಂಗಿಗಳು ಬೆಕ್ಕಿನ ಹಾಗೆ ಗುರುಗುಟ್ತಿದ್ವು. "ಕಾಲು ನೋಯ್ತಿರಬೇಕು, ಕೂರಿ ತಾಯಿ" ಅಂದ ಕೊರಡುಗಣ್ಣ. ಪುಟ್ತಾಯಮ್ಮ ಕೂತಳು. ದೊಡ್ಡೀರಯ್ಯ "ಬಾರೇ, ಮೇಲೆ ಇನ್ನೂ ಇದೆ" ಅಂತ ಎಬ್ಬಿಸಿದ. ಎರಡನೇದರಲ್ಲಿ ಶಂಖಗಳು ಜೋಗುಳ ಹಾಡ್ತಿದ್ವು. "ಕೂರಿ ತಾಯಿ." ಕೂತಳು. "ಬಾರೇ." ಎದ್ದಳು. ಮೂರನೇದರಲ್ಲಿ ದಂಡನಾಯಕನ ಮೆತ್ತನೆ ಕುರ್ಚಿ.

"ನೀವು ಸುತ್ಕೊಂಡು ಬನ್ನಿ. ನನ್ನ ಮಂಡಿ ಮುಗೀತು. ರಾಜ ಕರೆದ್ರೂ ಏಳಲ್ಲ."

ಸುತ್ತಿ ಬಂದು ನೋಡ್ತಾನೆ, ಪುಟ್ತಾಯಮ್ಮ ತೇಗದ ಬೊಂಬೆ.

"ಈ ಹಡಗಲ್ಲಿ ನೂರು ಎಣಿಸೋವರೆಗೆ ಕದಲದೆ ಇದ್ದವರು ಮರ" ಅಂದ ಕೊರಡುಗಣ್ಣ. "ಇಲ್ಲೀವರೆಗೆ ಯಾರೂ ಎದ್ದಿಲ್ಲ. ನೀನೂ ಸುಸ್ತಾಗ್ತೀಯ, ಕಾಯ್ತೀನಿ."

"ನೀನ್ಯಾಕೆ ಮರ ಆಗಿಲ್ಲ?"

"ನಾನು ನಿಲ್ಲೋದೇ ಇಲ್ವಲ್ಲ. ನಾನು ಮರ ಆದ ದಿನ ಇವರೆಲ್ಲ ಎದ್ದು ಮನೆಗೆ ಹೋಗ್ತಾರೆ."

ಹೌದು, ಅವನೂ ಕಾಲು ಬದಲಿಸ್ತಾನೇ ಇದ್ದ. ಒಬ್ಬರ ಸುತ್ತ ಒಬ್ಬರು ಸುತ್ತಿದ್ರು. ಸೂರ್ಯ ಕಡಲಿಗೆ ಹೆಬ್ಬೆರಳು ಅದ್ದಿದ. ಹುಟ್ಟಿದಾಗಿನಿಂದ ಮೊದಲ ಸಲ ದೊಡ್ಡೀರಯ್ಯನ ಕಾಲು ಸೋತವು. ಚೀಲ ಹಿಡ್ಕೊಂಡ. ಒಳಗೆ ಗರಿ ಕೈಗೆ ತಾಗಿತು.

"ಅಪ್ಪಣೆ ಓಲೆ!" ನಲವತ್ತು ವರ್ಷದ ಗಂಟಲು ಅದು. ಎತ್ತಿದ ಕಾಲು ಎತ್ತಿದ ಹಾಗೇ ಕೊರಡುಗಣ್ಣ ನಿಂತ.

"ಮಹಾರಾಜರ ಅಪ್ಪಣೆ ಏನಂದ್ರೆ," ದೊಡ್ಡೀರಯ್ಯ ನಡೀತಾ ಓದಿದ, "ಎರಡು ಸೇರು ತೊಗರಿಬೇಳೆ, ಹುಳ ಇರಬಾರದು. ಹುಣಸೆಹಣ್ಣು, ಹಳೇದು. ಬದನೆಕಾಯಿ ಎಳೇದು, ಮೊನ್ನೆ ತಂದ ಹಾಗಲ್ಲ."

ಕೊರಡುಗಣ್ಣನಿಗೆ ಅನುಮಾನ ಬಂತು. ಕೇಳೋಣ ಅಂದ್ರೆ ತುಟಿ ಕದಲಬೇಕು. ಕದಲಿದ್ರೆ ಕಪ್ಪೆ. ಎಣಿಕೆ ಮೂವತ್ತಕ್ಕೆ ಬರೋ ಹೊತ್ತಿಗೆ ಗರಿ ಖಾಲಿ. ದೊಡ್ಡೀರಯ್ಯ ಬಿಡ್ತಾನಾ? ರಾಜನ ಆನೆಗಳ ಹೆಸರು ಓದಿದ, ಆನೆಗಳ ಅತ್ತೆಯರ ಹೆಸರು ಓದಿದ, ಅತ್ತೆಯರ ಜಗಳಾನೂ ಓದಿದ. ತೊಂಬತ್ತೊಂಬತ್ತು. ನೂರು.

ಟಕ್ ಅಂತು. ಕೊರಡುಗಣ್ಣ ಪೂರ್ತಿ ಕೊರಡಾದ.

ಕೆಳಗೆ ಯಾರೋ ಸೀನಿದ್ರು. ಚಕ್ಕುಲಿ ಕಟುಂ ಅಂತು. ಪುಟ್ತಾಯಮ್ಮ ಮಂಡಿ ಹಿಡ್ಕೊಂಡು ಎದ್ದಳು. "ಎಲ್ಲ ಕೇಳಿಸ್ತು ರೀ. ನಮ್ಮನೆ ಬದನೆಕಾಯಿ ವಿಷಯ ಊರಿಗೆಲ್ಲ ಸಾರಬೇಕಿತ್ತಾ?"

ಜನ ಅವತ್ತೇ ಕೊರಡುಗಣ್ಣನನ್ನ ಹಡಗಿನ ಮೂತಿಗೆ ಕಟ್ಟಿದ್ರು. ಬೆಸ್ತರು ಅವನ ಎತ್ತಿದ ಕಾಲಿಗೆ ಬಲೆ ಒಣಹಾಕಿದ್ರು. ಎಲ್ಲರೂ ಅವರವರ ಮನೆ ಸೇರಿ ತಣ್ಣಗಿದ್ರು.

ಆಮೇಲೊಂದು ಸಾಯಂಕಾಲ ದೊಡ್ಡೀರಯ್ಯ ತಾನಾಗೇ ಬಂದು ಹೆಂಡತಿ ಪಕ್ಕ ಜಗಲಿ ಮೇಲೆ ಕೂತ. ಅಲ್ಲಾಡಲಿಲ್ಲ. ಪುಟ್ತಾಯಮ್ಮ ಸೊಪ್ಪು ಬಿಡಿಸ್ತಾ ಮನಸಲ್ಲೇ ಎಣಿಸಿದಳು. ತೊಂಬತ್ತೊಂಬತ್ತಕ್ಕೆ ಅವನ ತೊಡೆ ಚಿವುಟಿದಳು.

"ಏಳಿ ರೀ, ಒಂದು ಸುತ್ತು ಹೋಗಿ ಬನ್ನಿ."