ಪ್ಲೈವುಡ್ಡಿನ ಆಚೆಯ ‘ಗಾರ್ಜಿಯಸ್’

“ಅಬ್ಸಲ್ಯೂಟ್ಲಿ ಗಾರ್ಜಿಯಸ್ ಮೇಡಂ! ಈ ಕೋಟು ನಿಮಗೋಸ್ಕರಾನೇ ಹುಟ್ಟಿದ್ದು!”

ಪ್ಲೈವುಡ್ ಗೋಡೆಯ ಈಚೆ ಕೂತಿದ್ದ ಹೊಲಿಗೆಯವಳು ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ನಕ್ಕಳು. ಇನ್ನು ಸ್ವಲ್ಪ ಹೊತ್ತಿಗೆ ಅದೇ ಕೋಟು ಅವಳ ಮೇಜಿಗೆ ಬರುತ್ತದೆ. ಹೊಲಿಗೆ ಬಿಚ್ಚಿ ಸೊಂಟ ಸಡಿಲ ಬಿಡಬೇಕು, ತೋಳು ಕತ್ತರಿಸಬೇಕು. ಹುಟ್ಟಿದ ದಿನವೇ ಇಷ್ಟೊಂದು ಆಪರೇಷನ್ನು, ಪಾಪ!

ಆ ರೆಡಿಮೇಡ್ ಅಂಗಡಿಯಲ್ಲಿ ಮುಂದೆ ಮಾರುವವನು ಅವನು, ಹಿಂದೆ ಅಳತೆ ಸರಿಮಾಡುವವಳು ಇವಳು. ನಡುವೆ ಟ್ರಯಲ್ ರೂಮು, ಆಮೇಲೆ ಈ ಪ್ಲೈವುಡ್ಡು. ಬೀದಿಯವರು ಅವನಿಗಿಟ್ಟ ಹೆಸರು ಸೂಪರ್. ಗುಂಡಿ ಕಂಡರೂ ಫ್ಯಾಂಟಾಸ್ಟಿಕ್, ಕಾಲುಚೀಲ ಕಂಡರೂ ಮೈಂಡ್‌ಬ್ಲೋಯಿಂಗ್. ನಾಲಿಗೆಗೆ ಎಲುಬಿಲ್ಲ ಎನ್ನುವ ಮಾತು ಅವನನ್ನು ನೋಡಿಯೇ ಹುಟ್ಟಿರಬೇಕು.

ಅಂಥವನು ಅಂದು ಮಧ್ಯಾಹ್ನ ಆ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಅವಳ ಮೆಷಿನ್ನಿನ ಮುಂದೆ ಬಂದು ನಿಂತ. ಹೋಗಲಿಲ್ಲ. ಕತ್ತರಿ ಎತ್ತಿದ, ಇಟ್ಟ. ನೂಲುಂಡೆ ಎತ್ತಿದ, ಬೀಳಿಸಿದ.

“ರೀ... ನಾನು ನಿಮ್ಮನ್ನ ಟೆರಿಬ್ಲಿ ಲವ್ ಮಾಡ್ತಿದೀನಿ. ಮ್ಯಾಡ್ಲಿ. ಡೀಪ್ಲಿ.”

ಅವಳ ಎದೆ ಧಸಕ್ಕೆಂದಿತು. ಆದರೂ ನಾಲಿಗೆ ಮೊದಲೇ ಎದ್ದು ಕೂತಿತ್ತು.

“ಈ ಕೋಟಿಗೂ ಬೆಳಗ್ಗೆ ಇಷ್ಟೇ ಪ್ರೀತಿ ತೋರ್ಸಿದ್ರಲ್ಲ? ಸೊಂಟ ಬಿಡೋಕೆ ತಂದಿದೀರ. ನನ್ನಲ್ಲಿ ಏನೇನು ಬಿಚ್ಚಿ ಹೊಲಿಬೇಕು ಅಂತ ಇದೀರೋ!”

ಅವನ ಕಿವಿ ಕೆಂಪಾಯಿತು. “ಯೋಚಿಸಿ ಹೇಳಿ,” ಎಂದು ಗೊಣಗಿ ಹೊರಟುಹೋದ. ಕೋಟನ್ನು ಕೊಡುವುದನ್ನೇ ಮರೆತಿದ್ದ.

ಮನೆಯಲ್ಲಿ ಅತ್ತೆ, ಅಂದರೆ ಅಪ್ಪನ ತಂಗಿ, ಪಾತ್ರೆ ಒರೆಸುತ್ತಾ ಎಲ್ಲ ಕೇಳಿಸಿಕೊಂಡಳು.

“ಹುಡುಗ ಹೇಗೇ?”

“ಅದೇ ಗೊತ್ತಾಗ್ತಿಲ್ಲ ಅತ್ತೆ. ಎಲ್ಲರಿಗೂ ಅದೇ ಮಾತು, ಅದೇ ರಾಗ.”

ಅತ್ತೆ ಒಳಕೋಣೆಯ ಕಡೆ ನೋಡಿದಳು. ಅಲ್ಲಿ ಅಕ್ಕ ಬಟ್ಟೆ ಮಡಿಸುತ್ತಿದ್ದಳು. ಅವಳಿಗೂ ಒಬ್ಬ ‘ಫಾರೆವರ್’ ಎಂದಿದ್ದ. ಆ ಫಾರೆವರ್ ಒಂದು ಮಳೆಗಾಲವೂ ಬಾಳಲಿಲ್ಲ. ಅಂದಿನಿಂದ ಅಕ್ಕ ಯಾರ ಮಾತಿಗೂ ತಲೆ ಎತ್ತಿ ಉತ್ತರ ಕೊಟ್ಟವಳಲ್ಲ. ಹೂಂ ಅಂದರೆ ನಾಳೆ ನನ್ನ ಗತಿಯೂ ಇದೇನಾ? ಹೊಲಿಗೆಯವಳ ಎದೆಯಲ್ಲಿ ಮುಳ್ಳಾಡಿತು.

“ಬೆಳ್ಳಗಿರೋದೆಲ್ಲ ಹಾಲಲ್ಲ ಕಣೇ,” ಎಂದಳು ಅತ್ತೆ. “ಹಾಗಂತ ಕುಡಿದು ನೋಡದೆ ಸುಣ್ಣ ಅಂತ ಚೆಲ್ಲಬಾರದು.”

ಅವಳು ಪರೀಕ್ಷೆ ಮಾಡಲು ನಿರ್ಧರಿಸಿದಳು. ಅಂಗಡಿಯಲ್ಲಿ ಮಿಕ್ಕಿದ್ದ ನೀಲಿ ಬಟ್ಟೆಯಲ್ಲಿ ತನ್ನ ಅಳತೆಗೊಂದು ಕೋಟು ಹೊಲಿದಳು. ಬೇಕೆಂದೇ ಎಡಭುಜ ಇಳಿಸಿದಳು, ಕಾಲರನ್ನು ಸೊಟ್ಟ ಮಾಡಿದಳು. ಒಳ್ಳೆಯ ಕೈಗೆ ಕೆಟ್ಟದಾಗಿ ಹೊಲಿಯುವುದು ಎಷ್ಟು ಕಷ್ಟ ಅಂತೀರಿ! ಸೂಜಿ ತಾನಾಗಿಯೇ ಸರಿದಾರಿಗೆ ಓಡುತ್ತಿತ್ತು, ಇವಳು ಕಿವಿ ಹಿಂಡಿ ಎಳೆದು ತರುತ್ತಿದ್ದಳು. ಇದನ್ನು ನೋಡಿಯೂ ಗಾರ್ಜಿಯಸ್ ಎಂದರೆ ಅವನ ಪ್ರೀತಿಯೂ ಅಷ್ಟೇ, ಇಲ್ಲ ಎಂದುಬಿಡುವುದು.

ಅಂಗಡಿ ತುಂಬಿದ್ದ ಹೊತ್ತು ನೋಡಿ, ಕೋಟು ತೊಟ್ಟು ಮುಂದಿನ ಕನ್ನಡಿಗೆ ಬಂದು ನಿಂತಳು. ಗಲ್ಲಾದಲ್ಲಿ ಯಜಮಾನರು. ಯಾವ ಬಟ್ಟೆಗೂ ‘ಚೆನ್ನಾಗಿಲ್ಲ’ ಅನ್ನಬಾರದು, ಇದು ಅವರ ಕಟ್ಟಾಜ್ಞೆ.

“ಹೇಗಿದೆ?” ಎಂದಳು.

ಅವನು ತಿರುಗಿದ. ಅವನ ನೋಟ ಕನ್ನಡಿಯಲ್ಲಿ ಅವಳ ಮುಖಕ್ಕೆ ಬಂದು ಅರಳಿತು, ಕಾಲರಿಗೆ ಇಳಿದು ತಡೆಯಿತು, ಭುಜದ ಮೇಲೆ ನಿಂತೇಬಿಟ್ಟಿತು. ಅರಳಿದ್ದ ಮುಖ ಬಾಡಿತು.

“ಬೇಡ ರೀ. ಇದು ಚೆನ್ನಾಗಿಲ್ಲ.”

“ಏನಯ್ಯಾ ಅದು!” ಯಜಮಾನರು ಕನ್ನಡಕದ ಮೇಲಿಂದ ಗದರಿದರು. ಕೋಟು ಕೊಳ್ಳಲು ಬಂದಿದ್ದ ಹೆಂಗಸೊಬ್ಬಳು ತನ್ನ ಕೈಯಲ್ಲಿದ್ದುದನ್ನು ಅನುಮಾನದಿಂದ ನೋಡಿ ಕೆಳಗಿಟ್ಟಳು.

ಅವನು ಯಾವುದಕ್ಕೂ ಕಿವಿಗೊಡದೆ, ಒಳಗೆ ನಡೆದ ಹೊಲಿಗೆಯವಳ ಹಿಂದೆಯೇ ಹೊಲಿಗೆಕೋಣೆಗೆ ಬಂದ. ಅವಳು ಸಂತೋಷಪಡಬೇಕಿತ್ತು, ಆದರೆ ಅನುಮಾನದ ಹುಳ ಅಷ್ಟು ಸುಲಭಕ್ಕೆ ಸಾಯುವುದೇ?

“ನಿಜ ಹೇಳಿ. ಇದು ಪರೀಕ್ಷೆ ಅಂತ ಯಾರು ಹೇಳಿದ್ರು? ನಮ್ಮತ್ತೆನಾ?”

“ಪರೀಕ್ಷೆನಾ?” ಅವನು ಮಿಕಿಮಿಕಿ ನೋಡಿದ. “ನಿಮ್ಮ ಕೈ ಹೀಗೆ ತಪ್ಪೋದೇ ಇಲ್ವಲ್ಲ. ಮೈ ಹುಷಾರಿಲ್ವಾ? ಕಣ್ಣು ಮಂಜಾಗ್ತಿದ್ಯಾ? ಈ ಬಲ್ಬು ಮಂಕಾಗಿದೆ ಅಂತ ಯಜಮಾನ್ರಿಗೆ ಹೇಳ್ತಾನೇ ಇದೀನಿ, ಕೇಳಲ್ಲ ಅವರು...” ಸ್ಟೂಲು ಎಳೆದು ಹತ್ತಿ, ಬಲ್ಬಿನ ಧೂಳನ್ನು ಅಂಗಿಯ ತುದಿಯಿಂದ ಒರೆಸತೊಡಗಿದ.

ಇಡೀ ಬೀದಿಯನ್ನು ಮಾತಿನಲ್ಲೇ ಮುಳುಗಿಸುವವನು ಒಂದು ಸೊಟ್ಟ ಹೊಲಿಗೆಗೆ ಹೆದರಿದ್ದ.

“ಇಳೀರಿ ಕೆಳಗೆ. ನಂಗೇನೂ ಆಗಿಲ್ಲ, ಬೇಕಂತ್ಲೇ ಕೆಡಿಸಿದ್ದು,” ಎಂದಳು. “ನೇರ ಮಾತು ಇಷ್ಟು ಬರುತ್ತಲ್ಲ ನಿಮಗೆ? ಮತ್ತೆ ಆವತ್ಯಾಕೆ ಟೆರಿಬ್ಲಿ, ಮ್ಯಾಡ್ಲಿ?”

ಅವನು ಇಳಿದು ಅದೇ ಸ್ಟೂಲಿನ ಮೇಲೆ ಕೂತ.

“ಭಯ ರೀ. ಇಂಗ್ಲಿಷಲ್ಲಿ ಹೇಳಿದ್ರೆ, ನೀವು ಬೇಡ ಅಂದ್ರೂ ಅಂಗಡಿ ಮಾತು ಅಂತ ನಕ್ಕು ಜಾರ್ಕೊಬಹುದು. ನಮ್ಮ ಮಾತಲ್ಲಿ ಹೇಳಿ ಬೇಡ ಅನ್ನಿಸ್ಕೊಂಡ್ರೆ ಎಲ್ಲಿಗೆ ಜಾರೋದು?”

“ಜಾರೋದು ಬೇಡ. ಹೇಳಿ.”

ಅವನು ಅವಳನ್ನಲ್ಲ, ಮೆಷಿನ್ನನ್ನು ನೋಡುತ್ತಾ ಹೇಳಿದ. “ಆ ಕಡೆ ನಾನು ಅಷ್ಟು ಮಾತಾಡ್ತಿರ್ತೀನಲ್ಲ, ಕಿವಿ ಮಾತ್ರ ಈ ಕಡೆನೇ ಇರುತ್ತೆ. ನಿಮ್ಮ ಮೆಷಿನ್ ಸದ್ದು ನಿಂತ್ರೆ ನನ್ನ ಮಾತು ತಪ್ಪುತ್ತೆ. ನೀವು ಬೇಕು ನಂಗೆ. ಅಷ್ಟೇ.”

ಒರೆಸಿದ ಬಲ್ಬು ಇಬ್ಬರ ಮುಖವನ್ನೂ ಬೆಳಗಿತು.

“ನಿಮಗೆ?” ಎಂದು ಮೆಲ್ಲಗೆ ಕೇಳಿದ.

ಅವಳು ಬಾಯಿ ತೆರೆದಳು. ಇಷ್ಟು ದಿನ ಅವನನ್ನು ಆಡಿಕೊಂಡ ನಾಲಿಗೆಯೇ ಈಗ ಅವನ ಅಂಗಡಿ ಮಾತಿನ ಮರೆ ಹುಡುಕಿತು. ಸೊಟ್ಟ ಕಾಲರಿನೊಳಗೆ ಮುಖ ಹುದುಗಿಸಿ ಹೇಳಿದಳು.

“ಟೆರಿಬ್ಲಿ.”

ಅವನು ಹುಬ್ಬು ಕುಣಿಸಿದ. “ಇದು ಅಂಗಡಿ ಮಾತೋ, ಮನೆ ಮಾತೋ?”

“ಅನುಮಾನ ಇದ್ರೆ,” ಎಂದು ಅವಳು ಆ ನೀಲಿ ಕೋಟು ಬಿಚ್ಚಿ ಅವನ ಹೆಗಲ ಮೇಲೆ ಎಸೆದಳು, “ನೀವೂ ಒಂದು ಸೊಟ್ಟ ಕೋಟು ಹೊಲಿದು ಪರೀಕ್ಷೆ ಮಾಡ್ಕೊಳಿ!”