ಹಿಂದಿನ ಓಣಿಯ ಬಾಗಿಲು

ಕೆನಡಾದ ನಮ್ಮ ವಿನಿಪೆಗ್‌ನಲ್ಲಿ ಒಳ್ಳೆಯ ಗಂಡ ಸಿಕ್ಕಿದ ಎಂದರೆ ಜನ "ಸಂತೋಷ" ಎಂದು ಹೇಳಿ ಕಾಫಿ ಹೀರುತ್ತಾರೆ. ಹೇಳಿದ ದಿನ ಬಂದು ಗ್ಯಾರೇಜ್ ಕಟ್ಟಿಕೊಡುವ ಕಂಟ್ರಾಕ್ಟರ್ ಸಿಕ್ಕಿದ ಎಂದರೆ ಮಾತ್ರ ಕುರ್ಚಿ ಎಳೆದುಕೊಂಡು ಹತ್ತಿರ ಬಂದು, "ಅವನ ನಂಬರ್ ಕೊಡು" ಎನ್ನುತ್ತಾರೆ.

ಟ್ಯಾನಿಸ್‌ಗೆ ಎರಡೂ ಸಿಕ್ಕಿರಲಿಲ್ಲ. ಗಂಡನನ್ನು ಅವಳು ಹುಡುಕಿಯೂ ಇರಲಿಲ್ಲ. ವಯಸ್ಸಾದವರ ಮನೆಮನೆಗೆ ಹೋಗಿ ಆರೈಕೆ ಮಾಡುವ ಕೆಲಸದ ನಡುವೆ ತನಗೆ ನಲವತ್ತು ವರ್ಷ ವಯಸ್ಸಾದದ್ದೇ ಗೊತ್ತಾಗಿರಲಿಲ್ಲ. ಕಂಟ್ರಾಕ್ಟರ್‌ನನ್ನು ಮಾತ್ರ ಹುಡುಕಿದ್ದಳು. ವಸಂತದಲ್ಲಿ ಸಿಕ್ಕವನೊಬ್ಬ ಹಿತ್ತಲಿನಲ್ಲಿ ಕಾಂಕ್ರೀಟ್ ನೆಲ ಹಾಕಿ, ಮುಂಗಡ ಜೇಬಿಗಿಳಿಸಿ, "ಸೋಮವಾರ ಬರ್ತೀನಿ" ಎಂದು ಹೋದವನು ಮತ್ತೆ ಮುಖ ತೋರಿಸಲಿಲ್ಲ. ಬೇಸಿಗೆಯೆಲ್ಲ ಆ ಬೋಳು ನೆಲ ಬಿಸಿಲಿಗೆ ಬಿದ್ದಿತ್ತು.

ಪಕ್ಕದ ಮನೆಯ ಪ್ರೋಕೊಪ್ ಅಜ್ಜಿ ಬೇಲಿಯ ಮೇಲಿಂದ ಇಣುಕಿ ದಿನವೂ ಒಂದೇ ಮಾತು ಕೇಳುತ್ತಿದ್ದಳು. "ಡ್ಯಾನ್ಸ್ ಫ್ಲೋರ್ ರೆಡಿ ಇದೆ. ಕುಣಿಯೋನು ಎಲ್ಲಮ್ಮಾ?"

ಟ್ಯಾನಿಸ್ ನಗುತ್ತಿದ್ದಳು. ಒಳಗೆ ಮಾತ್ರ ನಗು ಇರಲಿಲ್ಲ. ಹಿಂದಿನ ಜನವರಿಯ ಒಂದು ಬೆಳಿಗ್ಗೆ ಆಸ್ಪತ್ರೆಯಿಂದ ಫೋನ್ ಬಂದಿತ್ತು, "ತಾಯಿಯವರಿಗೆ ಹೆಚ್ಚು ಹೊತ್ತಿಲ್ಲ, ಬನ್ನಿ" ಎಂದು. ಬಯಲಲ್ಲಿ ನಿಂತಿದ್ದ ಕಾರು ಕಲ್ಲಾಗಿ ಹೆಪ್ಪುಗಟ್ಟಿತ್ತು, ಕೀಲಿ ತಿರುಗಿಸಿದರೆ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಬೇರೆ ಗಾಡಿಯ ಬ್ಯಾಟರಿಯಿಂದ ಕರೆಂಟ್ ಎಳೆಯುವ ಬೂಸ್ಟರ್ ಕೇಬಲ್ ಇದ್ದವರನ್ನು ಹುಡುಕಿ, ಕಾರು ಎಬ್ಬಿಸಿ, ಅವಳು ಆಸ್ಪತ್ರೆ ಮುಟ್ಟುವಾಗ ಅಮ್ಮನ ಮುಖದ ಮೇಲೆ ಬಿಳಿ ಬಟ್ಟೆ ಎಳೆದಾಗಿತ್ತು. ಇನ್ನೊಂದು ಚಳಿಗಾಲ ಕಾರು ಬಯಲಲ್ಲಿ ನಿಲ್ಲಬಾರದು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಸೆಪ್ಟೆಂಬರ್‌ನಲ್ಲಿ ಐನಾರ್ ಬಂದ.

ಮನೆಯ ಹಿಂದಿನ ಓಣಿಯಲ್ಲಿ ಟ್ರಕ್ ನಿಲ್ಲಿಸಿ ಇಳಿದವನನ್ನು ಟ್ಯಾನಿಸ್ ಕೈಕಟ್ಟಿಕೊಂಡು ನೋಡಿದಳು. ಎತ್ತರದ ಆಳು, ನರೆಯಲು ಶುರುವಾದ ಗಡ್ಡ, ಕಿವಿಯ ಮೇಲೊಂದು ಪೆನ್ಸಿಲ್.

"ಎಂಟಕ್ಕೆ ಅಂದಿದ್ರಿ," ಎಂದಳು.

"ಎಂಟೇ ಆಗಿರೋದು."

"ಅದೇ ಅನುಮಾನ ನಂಗೆ. ಕಂಟ್ರಾಕ್ಟರ್ ಎಂಟಕ್ಕೆ ಅಂದು ಎಂಟಕ್ಕೇ ಬರೋದುಂಟಾ?"

ಅವನು ಗಡ್ಡದೊಳಗೇ ನಕ್ಕ. "ಬೇಕಾದ್ರೆ ಓಣಿ ಕೊನೇಲಿ ಕಾದಿದ್ದು ಮಧ್ಯಾಹ್ನ ಬರ್ತೀನಿ."

ನೆಲದ ಮೇಲೆ ಒಂದು ಸುತ್ತು ನಡೆದು, ಮೂಲೆಗಳಲ್ಲಿ ಕೂತು ನೋಡಿ ಎದ್ದ. "ನೆಲ ಗಟ್ಟಿಯಾಗಿದೆ. ಓಡಿಹೋದವನು ಓಡೋ ಮುಂಚೆ ಕೆಲಸ ಚೆನ್ನಾಗೇ ಮಾಡಿದಾನೆ."

"ಅವನನ್ನ ಹೊಗಳೋಕೆ ನಿಮ್ಮನ್ನ ಕರೆಸಿಲ್ಲ. ನೀವು ಯಾರ್ಯಾರಿಗೆ ಕಟ್ಟಿಕೊಟ್ಟಿದೀರಿ, ಹೆಸರು ಹೇಳಿ. ನಾನೇ ಹೋಗಿ ವಿಚಾರಿಸ್ತೀನಿ. ನಿಮ್ಮನ್ನ ಹಾಡಿ ಹೊಗಳೋರು ಬೇಡ, ನಿಜ ಹೇಳೋರು ಬೇಕು."

ಅವನು ಪೆನ್ಸಿಲ್ ತೆಗೆದು ಅದರ ತುದಿಯನ್ನೇ ನೋಡಿದ. ಆಮೇಲೆ ಎರಡು ಹೆಸರು ಹೇಳಿದ. ವಾಲ್ಟರ್, ಕೊಲೀನ್.

ವಾಲ್ಟರ್ ಬಸ್ ಓಡಿಸಿ ನಿವೃತ್ತನಾದವನು. ತನ್ನ ಗ್ಯಾರೇಜಿನಲ್ಲಿ ಫ್ರಿಜ್ಜು, ರೇಡಿಯೋ, ಆರಾಮ ಕುರ್ಚಿ ಎಲ್ಲ ಇಟ್ಟುಕೊಂಡಿದ್ದ, ಕಾರಿಗೊಂದು ಜಾಗ ಬಿಟ್ಟು. "ಹೆಂಡ್ತಿ ಬೈದಾಗೆಲ್ಲ ನಾನು ಇಲ್ಲೇ ಇರೋದು," ಎಂದ. "ದಿನಾ ಬೈತಾಳೆ, ಹಾಗಾಗಿ ಕಟ್ಟಿಸಿದ ಹಣ ವಸೂಲಾಯ್ತು. ಹುಡುಗ ಒಳ್ಳೆಯವನಮ್ಮಾ. ಮಾತು ಕಮ್ಮಿ, ಹೇಳಿದ ದಿನಕ್ಕೆ ಮುಗಿಸ್ತಾನೆ."

ಕೊಲೀನ್ ಬಾಗಿಲು ತೆರೆದು, ಐನಾರ್ ಹೆಸರು ಕೇಳಿ ಹುಬ್ಬೇರಿಸಿದಳು. "ನನ್ನ ಹೆಸರು ಕೊಟ್ನಾ ಅವನು? ನಾನು ಅವನ ಹೆಂಡ್ತಿಯಾಗಿದ್ದೋಳು."

ಟ್ಯಾನಿಸ್‌ಗೆ ಹಿಂದೆ ಹೆಜ್ಜೆ ಇಡಬೇಕೋ ಮುಂದೆ ಇಡಬೇಕೋ ತಿಳಿಯಲಿಲ್ಲ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರಲ್ಲ, ಬರೀ ಗ್ಯಾರೇಜ್ ಕಟ್ಟಿಸಲು ಹೊರಟವಳು ಇನ್ನೊಬ್ಬರ ಮದುವೆಯ ಒಳಗೇ ಬಂದು ನಿಂತಿದ್ದಳು.

"ಬಾ, ಗ್ಯಾರೇಜ್ ನೋಡು," ಎಂದು ಕೊಲೀನ್ ಹಿತ್ತಲಿಗೆ ಕರೆದುಕೊಂಡು ಹೋದಳು. ನೂಲು ಹಿಡಿದಂತೆ ನೇರ ನಿಂತಿತ್ತು ಅದು. "ಗಂಡನಾಗಿದ್ದಷ್ಟು ದಿನ 'ಮುಂದಿನ ವರ್ಷ ಕಟ್ತೀನಿ, ಮುಂದಿನ ವರ್ಷ ಕಟ್ತೀನಿ' ಅಂತಲೇ ಹೇಳ್ದ. ಬಿಟ್ಟ ಮೇಲೆ ನಾನು ಹಣ ಕೊಟ್ಟು ಗಿರಾಕಿಯಾದೆ ನೋಡು, ಹೇಳಿದ ದಿನ ಬಂದ, ಹೇಳಿದ ದಿನ ಮುಗಿಸಿದ."

"ಅಂದ್ರೆ ನಂಬಬಹುದಾ?"

"ಕೆಲಸಕ್ಕೆ ಕಣ್ಮುಚ್ಚಿ ನಂಬು. ಊರವರಿಗೆಲ್ಲ ಟೈಮಿಗೆ ಸರಿಯಾಗಿ ಬರ್ತಾನೆ, ತನ್ನವರು ಅಂದ್ಕೊಂಡೋರಿಗೆ ಮಾತ್ರ ನಾಳೆ, ನಾಡಿದ್ದು. ಕೆಟ್ಟವನಲ್ಲ, ತನ್ನವರು ಎಲ್ಲಿ ಹೋಗ್ತಾರೆ ಅನ್ನೋ ಧೈರ್ಯ. ನಾನು ಹೋದೆ." ಕೊಲೀನ್ ನಕ್ಕಳು, ಆದರೆ ಕಣ್ಣು ಗ್ಯಾರೇಜಿನ ಮೇಲೇ ಇತ್ತು. "ನಿನ್ನ ಕೆಲಸ ತಡ ಆಗೋಕೆ ಶುರುವಾದ್ರೆ ಹುಷಾರಮ್ಮಾ."

ಮರುದಿನ ಟ್ಯಾನಿಸ್ ಅವನನ್ನೇ ಕೇಳಿದಳು. "ಬಿಟ್ಟುಹೋದ ಹೆಂಡತಿ ಹೆಸರು ಯಾರಾದ್ರೂ ಕೊಡ್ತಾರಾ?"

"ನಿಜ ಹೇಳೋರು ಬೇಕು ಅಂದ್ರಲ್ಲ. ಅವಳಷ್ಟು ನನ್ನ ಮೇಲೆ ಸಿಟ್ಟಿರೋರು ಬೇರೆ ಯಾರೂ ಇಲ್ಲ."

ಅವಳು ಅಲ್ಲೇ ಒಪ್ಪಿಕೊಂಡಳು. ಇಷ್ಟು ಪೆದ್ದನಾದವನು ಮೋಸ ಮಾಡಲಾರ ಎಂದು ತನಗೆ ತಾನೇ ಹೇಳಿಕೊಂಡಳು.

ಅಕ್ಟೋಬರ್‌ನಲ್ಲಿ ಓಣಿಯ ಎಲ್ಮ್ ಮರಗಳು ಹಳದಿಯಾಗಿ ಉದುರತೊಡಗಿದವು. ಕಾಡುಬಾತುಗಳು ಸಾಲಾಗಿ ದಕ್ಷಿಣಕ್ಕೆ ಕೂಗುತ್ತ ಹೋದವು. ಐನಾರ್ ನೆಲದ ಮೇಲೆ ಮಲಗಿಸಿದ್ದ ಗೋಡೆಯ ಮರದ ಚೌಕಟ್ಟುಗಳನ್ನು ಒಂದೊಂದಾಗಿ ಎಬ್ಬಿಸಬೇಕಿತ್ತು. ಬರಬೇಕಾದ ಆಳಿಗೆ ಜ್ವರ. ರಜೆಯಲ್ಲಿದ್ದ ಟ್ಯಾನಿಸ್ ಕೋಟಿನ ತೋಳು ಮಡಚಿದಳು.

"ಹಿಡ್ಕೊಳ್ಳಿ, ನಾನು ಆಸರೆಗೆ ಮರದ ಪಟ್ಟಿ ಹೊಡೆಯೋವರೆಗೆ," ಎಂದ.

"ಬಿಟ್ರೆ?"

"ನನ್ನ ಮೇಲೆ ಬೀಳುತ್ತೆ."

"ಅಷ್ಟು ನಂಬಿಕೆನಾ? ನನ್ನ ಬಗ್ಗೆ ಯಾರನ್ನೂ ವಿಚಾರಿಸಿಲ್ಲ ನೀವು."

"ವಿಚಾರಿಸಿದೆ. ಪ್ರೋಕೊಪ್ ಅಜ್ಜಿನ ಕೇಳ್ದೆ. 'ಹುಡುಗಿ ಬಂಗಾರ, ಬಾಯಿ ಮಾತ್ರ ಬ್ಲೇಡು' ಅಂದ್ರು."

ಟ್ಯಾನಿಸ್ ನಗಲು ಹೋಗಿ ಗೋಡೆ ಅಲುಗಿತು. "ನಗಬೇಡಿ, ನಗಬೇಡಿ," ಎಂದು ಅವನು ಗೋಡೆಯ ಆಚೆ ತುದಿಯಿಂದ ಕೂಗಿದ. ಗಾಳಿ ಬೀಸಿ ಅವಳ ಕೂದಲು ಬಾಯಿಗೆ, ಕಣ್ಣಿಗೆ ಬಂತು. ಎರಡೂ ಕೈ ಗೋಡೆಯ ಮೇಲೆ, ಊದಿ ಊದಿ ಸೋತಳು. ಅವನು ಹತ್ತಿರ ಬಂದು ನಿಂತ. ಅವನ ರೆಪ್ಪೆಯ ಮೇಲೆ ಮರದ ಹುಡಿ ಕೂತಿರುವುದು ಕಾಣುವಷ್ಟು ಹತ್ತಿರ. ಕೂದಲು ಸರಿಸಲು ಎತ್ತಿದ ಕೈ ಅರ್ಧಕ್ಕೆ ನಿಂತಿತು. ಆಮೇಲೆ ತನ್ನ ಉಣ್ಣೆ ಟೋಪಿ ತೆಗೆದು ಅವಳ ತಲೆಗೆ, ಕಿವಿ ಮುಚ್ಚುವ ಹಾಗೆ ಎಳೆದು ಹಾಕಿ, ಏನೂ ಆಗಿಲ್ಲವೆಂಬಂತೆ ಸುತ್ತಿಗೆ ಹುಡುಕಲು ಹೋದ. ಟೋಪಿಯಲ್ಲಿ ಮರದ ವಾಸನೆ ಇತ್ತು.

ಆ ಗೋಡೆ ಹಿಡಿದು ನಿಂತೇ ಅವಳು ಅಮ್ಮನ ವಿಷಯ ಹೇಳಿದಳು. ಯಾರಿಗೂ ಹೇಳದಿದ್ದ ಮಾತು. ಅವನು "ಅಯ್ಯೋ" ಎನ್ನಲಿಲ್ಲ, ಮೊಳೆ ಹೊಡೆಯುವುದನ್ನು ನಿಲ್ಲಿಸಿ ಪೂರ್ತಿ ಕೇಳಿದ. "ಈ ಗ್ಯಾರೇಜಿನಲ್ಲಿ ಕಾರು ಹೆಪ್ಪುಗಟ್ಟಲ್ಲ," ಎಂದಷ್ಟೇ ಹೇಳಿದ.

ಟೋಪಿ ವಾಪಸು ಕೇಳಲಿಲ್ಲ. ಅವಳು ಕೊಡಲೂ ಇಲ್ಲ.

ನವೆಂಬರ್ ಹೊತ್ತಿಗೆ ಮಾಡು ಬಂತು, ಹೀಟರ್ ಬಂತು, ಓಣಿ ಕಡೆಗೆ ರಿಮೋಟ್ ಒತ್ತಿದರೆ ಏಳುವ ದೊಡ್ಡ ಬಾಗಿಲು ಬಂತು. ಹಿತ್ತಲ ಕಡೆಯ ಸಣ್ಣ ಬಾಗಿಲಿಗೆ ಹಿಡಿಕೆ ಒಂದು ಬಾಕಿ. ತೂತಿಗೆ ಹಗ್ಗ ಪೋಣಿಸಿ ಕಟ್ಟಿದ ಐನಾರ್, "ಸೋಮವಾರ ಬರ್ತೀನಿ" ಎಂದು ಹೋದ.

ಸೋಮವಾರ ಬರಲಿಲ್ಲ. ಮಾರನೆಯ ದಿನವೂ ಇಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಸಣ್ಣ ಬಾಗಿಲು ಗಾಳಿಗೆ ಬಡಿಯುವ ಸದ್ದು ಕೇಳುತ್ತ ಟ್ಯಾನಿಸ್ ಅಡುಗೆಮನೆಯಲ್ಲಿ ಕೂತಳು. ಅದೇ ಸೋಮವಾರ, ಅದೇ ಮಾತು. ಹಿಡಿಕೆಯೊಂದಕ್ಕೆ ಇಷ್ಟು ಅಳು ಬರುವುದುಂಟೇ ಎಂದು ತನ್ನ ಮೇಲೇ ಸಿಟ್ಟಾದಳು.

ವಾರ ಮುಗಿಯುವಾಗ ಟ್ರಕ್ ಬಂತು. ಅವಳು ಮೆಟ್ಟಿಲ ಮೇಲೇ ನಿಂತಳು.

"ಹಿಡಿಕೆ ಸಿಕ್ಕಿರ್ಲಿಲ್ವಾ?"

ಅವನು ಕೋಟಿನ ಜೇಬಿನಿಂದ ಅದನ್ನು ತೆಗೆದ. "ಮೊದಲಿಂದಲೂ ಟ್ರಕ್ಕಲ್ಲೇ ಇತ್ತು."

"ಮತ್ತೆ?"

"ಓಣಿವರೆಗೆ ಬಂದು ವಾಪಸ್ ಹೋದೆ. ಇದೊಂದು ಹಾಕಿಬಿಟ್ರೆ ಇಲ್ಲಿ ನಂಗೆ ಕೆಲಸ ಇಲ್ಲ. ಬರೋಕೆ ಬೇರೆ ನೆಪ ಇರ್ಲಿಲ್ಲ, ಟ್ಯಾನಿಸ್."

ಬೇರೆ ಯಾವಳಾದರೂ ಕರಗುತ್ತಿದ್ದಳು. ಟ್ಯಾನಿಸ್‌ಗೂ ಎದೆಯಲ್ಲಿ ಏನೋ ಕರಗಿತು, ಅದಕ್ಕೇ ಹೆಚ್ಚು ಹೆದರಿದಳು. ಕೊಲೀನಳ ಮಾತು ನೆನಪಾಯಿತು. ಇವನು ತನ್ನನ್ನು ತನ್ನವಳೆಂದುಕೊಂಡಿದ್ದಾನೆ, ಅದಕ್ಕೇ ತಡ ಶುರುವಾಗಿದೆ.

"ನನಗೆ ತಡವಾಗಿ ಬರೋ ಪ್ರೀತಿ ಬೇಡ," ಎಂದಳು. "ತಡ ಅಂದ್ರೆ ಏನು ಅಂತ ನಿಮಗೆ ಹೇಳಿದ್ದೆ. ಆ ಗೋಡೆ ಹಿಡ್ಕೊಂಡು ಹೇಳಿದ್ದೆ. ಹಿಡಿಕೆ ಹಾಕಿ, ಹೋಗಿ."

ಅವನು ಟ್ರಕ್ಕಿನಿಂದ ಸ್ಕ್ರೂಡ್ರೈವರ್ ತಂದ. ಹಿಡಿಕೆ ಹಾಕಿದ, ಎರಡು ಸಲ ತಿರುಗಿಸಿ ನೋಡಿದ, ಕೀಲಿಯನ್ನು ಅವಳ ಅಂಗೈಗಿಟ್ಟು ಹೋದ.

ಆಮೇಲೆ ಬೇಲಿಯ ಮೇಲಿಂದ ಪ್ರೋಕೊಪ್ ಅಜ್ಜಿ ತಟ್ಟೆ ತುಂಬ ಆಲೂಗಡ್ಡೆ ತುಂಬಿದ ಪಿರೋಗಿ ಕಡುಬು ದಾಟಿಸುತ್ತ, "ಡ್ಯಾನ್ಸ್ ಫ್ಲೋರಿಗೆ ಮಾಡು ಬಂತು, ಕುಣಿಯೋನನ್ನ ಓಡಿಸಿದ್ಯಲ್ಲೇ," ಎಂದಳು. ಟ್ಯಾನಿಸ್ ತಟ್ಟೆ ತೆಗೆದುಕೊಂಡು ಒಳಗೆ ಹೋದಳು. ಹಿಮ ಬಿತ್ತು. ಓಣಿಯಲ್ಲಿ ಟ್ರಕ್ಕಿನ ಸದ್ದಾದಾಗಲೆಲ್ಲ ಅವಳ ಕೈಯ ಕೆಲಸ ನಿಲ್ಲುತ್ತಿತ್ತು. ಯಾವುದೂ ಅವನದಲ್ಲ.

ಡಿಸೆಂಬರ್‌ನ ಒಂದು ಶನಿವಾರ ಚಳಿ ಮೈನಸ್ ಮೂವತ್ತೈದಕ್ಕೆ ಇಳಿಯಿತು. ಕಿಟಕಿಯ ಒಳಗಡೆಗೇ ಮಂಜು ಕಟ್ಟಿತ್ತು. ಬೇಗ ಎದ್ದು ಅವನ ಉಣ್ಣೆ ಟೋಪಿ ಎಳೆದುಕೊಂಡು, ಕಾರು ಏಳುತ್ತದೋ ಇಲ್ಲವೋ ನೋಡಲು ಟ್ಯಾನಿಸ್ ಹೊರಟಳು. ಗ್ಯಾರೇಜಿನೊಳಗೆ ಬೆಚ್ಚಗಿತ್ತು. ಕೀಲಿ ತಿರುಗಿಸಿದಳು. ಕಾರು ಮೊದಲ ಸಲಕ್ಕೇ ಎದ್ದಿತು. ಸ್ಟಿಯರಿಂಗ್ ಮೇಲೆ ತಲೆಯಿಟ್ಟು, "ಅಮ್ಮಾ" ಎಂದು ಅತ್ತಳು.

ಕಣ್ಣೊರೆಸಿಕೊಂಡು ರಿಮೋಟ್ ಒತ್ತಿದಳು. ಬಾಗಿಲು ಮೇಲೇರಿತು. ಮೊದಲು ಬೂಟು ಕಂಡಿತು, ಆಮೇಲೆ ಕೈಯಲ್ಲಿ ಸುತ್ತಿಟ್ಟ ಬೂಸ್ಟರ್ ಕೇಬಲ್, ಆಮೇಲೆ ಹಿಮ ಕಟ್ಟಿದ ಗಡ್ಡ.

ಓಣಿಯಲ್ಲಿ ಅವನ ಟ್ರಕ್ ಹೊಗೆ ಬಿಡುತ್ತ ನಿಂತಿತ್ತು. ಟೋಪಿ ಇಲ್ಲದ ಅವನ ಕಿವಿಗಳು ಕೆಂಪಾಗಿದ್ದವು.

ಟ್ಯಾನಿಸ್ ಎಂಜಿನ್ ನಿಲ್ಲಿಸಿ ಇಳಿದಳು. "ಏನ್ರೀ ಇದು?"

"ಅಕಸ್ಮಾತ್ ಕಾರು ಏಳದಿದ್ರೆ ಅಂತ."

"ನೀವು ಕಟ್ಟಿದ ಗ್ಯಾರೇಜ್ ಮೇಲೆ ನಿಮಗೇ ನಂಬಿಕೆ ಇಲ್ವಾ?"

"ಗ್ಯಾರೇಜ್ ಮೇಲಿದೆ. ನನ್ನ ಮೇಲಿರ್ಲಿಲ್ಲ." ಅವನು ಕೇಬಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. "ನನ್ನವರಿಗೆ ತಡ ಮಾಡೋ ಕೆಟ್ಟ ಬುದ್ಧಿ ಇದೆ ನಂಗೆ. ಕೊಲೀನ್‌ಗೆ ಮಾಡ್ದೆ, ನಿಮಗೂ ಮಾಡ್ದೆ. ಇವತ್ತು ಬೇಗ ಬರೋಣ ಅಂತ ಬಂದೆ. ಕಾರು ಎದ್ದಿದೆ, ಹೋಗ್ತೀನಿ."

ಅಷ್ಟರಲ್ಲಿ ಅವಳ ಫೋನ್ ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರ್. ಆ ಕಡೆಯಿಂದ ವಯಸ್ಸಾದ ಹೆಂಗಸಿನ ದನಿ. "ಬೆಳಿಗ್ಗೆ ಬೆಳಿಗ್ಗೆ ತೊಂದರೆ ಕೊಟ್ಟೆ, ತಪ್ಪು ತಿಳ್ಕೋಬೇಡಿ. ಹಿತ್ತಲಲ್ಲಿ ಒಂದು ಶೆಡ್ ಕಟ್ಟಿಸ್ಬೇಕಿತ್ತು. ಐನಾರ್ ಅನ್ನೋರು ನಿಮ್ಮ ಹೆಸರು ಕೊಟ್ರು, ವಿಚಾರಿಸಿ ಅಂತ."

ಟ್ಯಾನಿಸ್ ಫೋನನ್ನು ಎದೆಗೊತ್ತಿಕೊಂಡು ಅವನ ಕಡೆ ತಿರುಗಿದಳು. "ನನ್ನ ಹೆಸರು ಕೊಟ್ರಾ? ಬೈದು ಕಳಿಸಿದ್ದೆ ನಾನು!"

"ಅದಕ್ಕೇ ಕೊಟ್ಟೆ," ಎಂದ ಪಾಪದವನ ಹಾಗೆ.

ಅವಳು ಫೋನ್ ಮತ್ತೆ ಕಿವಿಗಿಟ್ಟಳು. ಕಣ್ಣು ಅವನ ಮೇಲೇ ಇತ್ತು. "ಕೇಳಿ."

"ಕೆಲಸ ಹೇಗೆ?"

"ಹೊರಗೆ ಮೈನಸ್ ಮೂವತ್ತೈದು. ಕಾರು ಒಂದೇ ಸಲಕ್ಕೆ ಎದ್ದಿತು."

"ಮನುಷ್ಯ ಹೇಗೆ?"

"ಪೆದ್ದು. ಸುಳ್ಳು ಹೇಳೋಕೆ ಬರಲ್ಲ. ಟೋಪಿ ಹಾಕ್ಕೊಳ್ಳದೆ ಈ ಚಳೀಲಿ ನಿಂತ್ಕೊಳ್ತಾನೆ."

"ಹೇಳಿದ ಟೈಮಿಗೆ ಬರ್ತಾನಾ?"

ಫೋನಿನ ಜೋರು ದನಿ ಅವನಿಗೂ ಕೇಳಿಸಿತು. ಐನಾರ್ ತಲೆ ತಗ್ಗಿಸಿದ.

"ಒಂದು ಸಲ ತಡ ಮಾಡ್ದ," ಎಂದಳು. "ಒಂದೇ ಸಲ. ತುಂಬ ನೋವಾಯ್ತು ನಂಗೆ."

"ಹಾಗಾದ್ರೆ ಮತ್ತೆ ಅವನನ್ನ ಕರೀತೀರಾ, ಇಲ್ವಾ? ಅದೊಂದು ಹೇಳ್ಬಿಡಿ ನಂಗೆ."

ತಲೆಯ ಮೇಲಿನ ಟೋಪಿಯನ್ನು ಅವಳು ನಿಧಾನವಾಗಿ ತೆಗೆದಳು. ಹತ್ತಿರ ಹೋಗಿ, ಒಂದು ಕೈಯಲ್ಲೇ ಅದನ್ನು ಅವನ ತಲೆಗೆ ಹಾಕಿ, ಕೆಂಪಾದ ಆ ಕಿವಿಗಳ ಮೇಲೆ ಎಳೆದಳು. ಅಂದು ಅವನ ಕೈ ನಿಂತಂತೆ ಅವಳ ಕೈ ಅರ್ಧಕ್ಕೆ ನಿಲ್ಲಲಿಲ್ಲ, ಅವನ ಕೆನ್ನೆಯ ಮೇಲೆ ಉಳಿಯಿತು.

"ಕರೆಯೋ ಪ್ರಶ್ನೆನೇ ಬರ್ಲಿಲ್ಲಮ್ಮಾ," ಎಂದಳು. "ಕೆಲಸ ಎಲ್ಲ ಮುಗಿದಿದೆ. ನಾನು ಕರೀಲಿಲ್ಲ. ಅವನೇ ಬಂದಿದಾನೆ."